ಮೂರು ಗುಂಪು, ಎರಡು ಉತ್ತರ: ಟಿ-ಟೆಸ್ಟ್ ನಂಬೋದಾ, ಅನೋವಾ ನಂಬೋದಾ?

ಪ್ರಶ್ನೆ: ನಾನು ಸಸ್ಯಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿನಿ. ಒಂದೇ ತಳಿಯ ಹದಿನೈದು ಸಸಿಗಳನ್ನು ಕುಂಡಕ್ಕೊಂದರಂತೆ ಬೆಳೆಸಿದೆ. ಐದಕ್ಕೆ ಬರೀ ನೀರು, ಐದಕ್ಕೆ ಒಂದು ಪಾಲು ಗೊಬ್ಬರ, ಐದಕ್ಕೆ ಎರಡು ಪಾಲು. ನಾಲ್ಕು ವಾರ ಆದಮೇಲೆ ಎತ್ತರ ಅಳೆದೆ. ಬರೀ ನೀರಿನವು 9, 11, 12, 13, 15 ಸೆಂ.ಮೀ. ಒಂದು ಪಾಲಿನವು 11, 13, 13, 16, 17. ಎರಡು ಪಾಲಿನವು 13, 15, 16, 17, 19. ಎರಡೆರಡು ಗುಂಪು ಜೋಡಿಸಿ ಮೂರು ಟಿ-ಟೆಸ್ಟ್ (ಎರಡು ಗುಂಪುಗಳ ಸರಾಸರಿ ಹೋಲಿಸುವ ಪರೀಕ್ಷೆ) ಮಾಡಿದೆ. ಬರೀ ನೀರಿಗೂ ಎರಡು ಪಾಲಿಗೂ ಪಿ (ನಿಜಕ್ಕೂ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಆಕಸ್ಮಿಕವಾಗಿ ಬರುವ ಸಾಧ್ಯತೆ) 0.022 ಬಂತು. ಉಳಿದ ಎರಡು ಜೋಡಿಗಳಲ್ಲೂ 0.21. ಗೈಡ್ ನೋಡಿ, "ಮೂರು ಗುಂಪಿದ್ದರೆ ಅನೋವಾ (ಎಲ್ಲ ಗುಂಪುಗಳನ್ನು ಒಟ್ಟಿಗೆ ಹೋಲಿಸುವ 'ಅನಾಲಿಸಿಸ್ ಆಫ್ ವೇರಿಯನ್ಸ್') ಮಾಡಬೇಕು" ಅಂದರು. ಮಾಡಿದೆ, 0.054 ಬಂತು. 0.05ಕ್ಕಿಂತ ಕಡಿಮೆ ಬಂದರೆ ಮಾತ್ರ ವ್ಯತ್ಯಾಸ ಇದೆ ಅನ್ನುತ್ತಾರಲ್ಲ. ಇದ್ದ ವ್ಯತ್ಯಾಸ ಎಲ್ಲಿ ಹೋಯಿತು? ಯಾವುದನ್ನು ಬರೆಯಲಿ?

ಉತ್ತರ: ಮೊದಲಿಗೆ, ಅಳತೆಗಳನ್ನೆಲ್ಲ ಕಳಿಸಿದ್ದಕ್ಕೆ ಥ್ಯಾಂಕ್ಸ್. ಬರೀ ಪಿ-ವ್ಯಾಲ್ಯೂ ಕಳಿಸಿದ್ದರೆ ನಾನು ಗಾಳಿಯಲ್ಲಿ ಗುದ್ದಾಡಬೇಕಿತ್ತು. ಈಗ ನಿಮ್ಮ ಹದಿನೈದು ಸಸಿಗಳನ್ನೇ ಮುಂದಿಟ್ಟುಕೊಂಡು ಮಾತಾಡಬಹುದು.

ವ್ಯತ್ಯಾಸ ಎಲ್ಲೂ ಹೋಗಿಲ್ಲ. ನೀವು ಎರಡು ಬೇರೆ ಬೇರೆ ಪ್ರಶ್ನೆ ಕೇಳಿದ್ದೀರಿ, ಎರಡು ಬೇರೆ ಉತ್ತರ ಬಂದಿವೆ. ಈ ಎರಡರಲ್ಲಿ ಯಾವ ಪಿ ಚಿಕ್ಕದಿದೆಯೋ ಅದನ್ನು ಆರಿಸಿಕೊಳ್ಳುವುದು ಮಾತ್ರ ಆಗದು. ನಿಮ್ಮ ಪ್ರಶ್ನೆ ಯಾವುದು ಅಂತ ಮೊದಲು ಗೊತ್ತಾಗಬೇಕು. ಟೆಸ್ಟ್ ಅದರ ಹಿಂದೆ ತಾನಾಗೇ ಬರುತ್ತದೆ.

ಗುಂಪು ಎರಡೇ ಇದ್ದಾಗ ಜಗಳವೇ ಇಲ್ಲ. ಬರೀ ನೀರಿನ ಐದು ಸಸಿ, ಎರಡು ಪಾಲಿನ ಐದು ಸಸಿ, ಇಷ್ಟನ್ನೇ ತೆಗೆದುಕೊಳ್ಳಿ. ಸಾಮಾನ್ಯ ಟಿ-ಟೆಸ್ಟ್ ಮಾಡಿದರೆ ಅದು ಕೊಡುವ ಸಂಖ್ಯೆ, ಟಿ, 2.83. ಇದೇ ಹತ್ತು ಸಸಿಗಳಿಗೆ ಅನೋವಾ ಮಾಡಿದರೆ ಅದು ಕೊಡುವ ಸಂಖ್ಯೆ, ಎಫ್, 8. 2.83ನ್ನು 2.83ರಿಂದಲೇ ಗುಣಿಸಿ ನೋಡಿ, 8 ಬರುತ್ತದೆ. ಪಿ ಎರಡರಲ್ಲೂ 0.022. ಎರಡು ಗುಂಪಿಗೆ ಇವೆರಡೂ ಒಂದೇ ಲೆಕ್ಕ, ಬರೆಯುವ ರೀತಿ ಮಾತ್ರ ಬೇರೆ. ಹಾಗಾಗಿ "ಅನೋವಾ ಜಾಸ್ತಿ ಕಟ್ಟುನಿಟ್ಟು, ಟಿ-ಟೆಸ್ಟ್ ಸಡಿಲ" ಅನ್ನುವ ಮಾತನ್ನು ತಲೆಯಿಂದ ತೆಗೆದುಬಿಡಿ.

ತೊಡಕು ಶುರುವಾಗುವುದು ಮೂರನೇ ಗುಂಪು ಬಂದಾಗ. ಯಾಕೆ ಅಂತ ದಾಳ ಎಸೆದು ನೋಡೋಣ. ಎರಡು ದಾಳ ಎಸೆದು, ದೊಡ್ಡ ಸಂಖ್ಯೆಯಿಂದ ಚಿಕ್ಕದನ್ನು ಕಳೆಯಿರಿ. ತುಂಬಾ ಸಲ ಎಸೆದರೆ ಈ ಅಂತರ ಸರಾಸರಿ 1.94 ಬರುತ್ತದೆ. ಈಗ ಮೂರು ದಾಳ ಎಸೆದು, ಎಲ್ಲಕ್ಕಿಂತ ದೊಡ್ಡದರಿಂದ ಎಲ್ಲಕ್ಕಿಂತ ಚಿಕ್ಕದನ್ನು ಕಳೆಯಿರಿ. ಸರಾಸರಿ 2.92. ದಾಳಗಳು ಅವೇ, ಯಾವುದರಲ್ಲೂ ಮೋಸವಿಲ್ಲ. ಆದರೂ ಅಂತರ ಹಿಗ್ಗಿತು. ಮೂರರಲ್ಲಿ ಎರಡು ತುದಿಗಳನ್ನು ಹುಡುಕಿ ತೆಗೆದದ್ದಕ್ಕೇ ಹೀಗಾಯಿತು.

ನಿಮ್ಮ ಮೂರು ಟಿ-ಟೆಸ್ಟ್‌ಗಳಲ್ಲಿ ಆದದ್ದೂ ಇದೇ. ಮೂರು ಸರಾಸರಿಗಳು 12, 14, 16. ಕಣ್ಣಿಗೆ ಬಿದ್ದದ್ದು ತುದಿಯ ಜೋಡಿ, 12 ಮತ್ತು 16. ಆದರೆ ಟಿ-ಟೆಸ್ಟಿನ ಟೇಬಲ್ (ಯಾವ ಟಿಗೆ ಯಾವ ಪಿ ಅಂತ ಹೇಳುವ ಪಟ್ಟಿ) ಇರುವುದು ಮೊದಲೇ ಗೊತ್ತುಮಾಡಿಕೊಂಡ ಎರಡು ಗುಂಪುಗಳಿಗೆ. ಮೂರರಲ್ಲಿ ಅತಿ ದೂರದ ಎರಡನ್ನು ಆರಿಸಿ ತಂದಿದ್ದೀರಿ ಅಂತ ಆ ಟೇಬಲ್‌ಗೆ ಗೊತ್ತಿಲ್ಲ.

ಇದರಿಂದ ಎಷ್ಟು ಹಾನಿ? ಗೊಬ್ಬರದಿಂದ ಏನೇನೂ ಆಗಿಲ್ಲ, ಮೂರೂ ಗುಂಪು ಒಂದೇ ಅಂತಿಟ್ಟುಕೊಳ್ಳಿ. ಒಂದೇ ಟಿ-ಟೆಸ್ಟ್ ಮಾಡಿದರೆ ಸುಳ್ಳು ವ್ಯತ್ಯಾಸ ಕಾಣುವ ಸಾಧ್ಯತೆ ನೂರಕ್ಕೆ 5. ಮೂರು ಗುಂಪಿನ ಎಲ್ಲ ಜೋಡಿಗಳನ್ನೂ ನೋಡಿದರೆ, ಕನಿಷ್ಠ ಒಂದರಲ್ಲಾದರೂ ಸುಳ್ಳು ಕಾಣುವ ಸಾಧ್ಯತೆ ಸುಮಾರು 12ಕ್ಕೆ ಏರುತ್ತದೆ. ನಾಲ್ಕು ಗುಂಪಿಗೆ ಸುಮಾರು 20, ಐದಕ್ಕೆ ಸುಮಾರು 29. ಇದು ಪ್ರತಿ ಗುಂಪಿನಲ್ಲೂ ಸಾಕಷ್ಟು ಅಳತೆಗಳಿದ್ದಾಗಿನ ಲೆಕ್ಕ. ಪಠ್ಯಗಳಲ್ಲಿ ಮೂರು ಗುಂಪಿಗೆ 14.3 ಅಂತ ಓದಿರುತ್ತೀರಿ. ಅದು 0.95ನ್ನು ಮೂರು ಸಲ ಗುಣಿಸಿ 1ರಿಂದ ಕಳೆದದ್ದು. ಮೂರು ಟೆಸ್ಟ್‌ಗಳಿಗೂ ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ ಆ ಲೆಕ್ಕ ಸರಿ. ಇಲ್ಲಿ ಬರೀ ನೀರಿನ ಗುಂಪು ಎರಡು ಜೋಡಿಗಳಲ್ಲಿ ಬರುತ್ತದೆ. ಉಳಿದವೂ ಹಾಗೇ. ಅದಕ್ಕೆ ನಿಜವಾದ ಅಂಕಿ ಸ್ವಲ್ಪ ಕಡಿಮೆ. ಕಡಿಮೆ ಅಂದರೂ 5 ಅಂದುಕೊಂಡದ್ದು 12 ಆಗುವುದು ಸಣ್ಣ ವಿಷಯವಲ್ಲ.

ಈಗ ಅನೋವಾ ಏನು ಮಾಡುತ್ತದೆ ನೋಡೋಣ. ಒಂದು ಸಲ ಕೈಯಲ್ಲೇ ಮಾಡಿ. ನಿಮ್ಮ ಅಂಕಿಗಳು ಅದಕ್ಕೆ ಹೇಳಿ ಮಾಡಿಸಿದ ಹಾಗಿವೆ.

ಬರೀ ನೀರಿನ ಗುಂಪಿನ ಸರಾಸರಿ 12. ಮೊದಲ ಸಸಿ 9, ಅಂದರೆ 3 ಕಡಿಮೆ. ಮುಂದಿನದು 1 ಕಡಿಮೆ, ಅದರ ಮುಂದಿನದು ಸರಿಯಾಗಿ 12, ಆಮೇಲೆ 1 ಜಾಸ್ತಿ, 3 ಜಾಸ್ತಿ. ಇವುಗಳ ವರ್ಗ 9, 1, 0, 1, 9. ಒಟ್ಟು 20. ಒಂದು ಪಾಲಿನ ಗುಂಪಿಗೆ ಇದೇ ರೀತಿ ಮಾಡಿದರೆ 24, ಎರಡು ಪಾಲಿನದಕ್ಕೆ 20. ಎಲ್ಲ ಸೇರಿ 64. ಹದಿನೈದು ಸಸಿಗಳಲ್ಲಿ ಮೂರು ಸರಾಸರಿ ಲೆಕ್ಕಹಾಕಿದ್ದೀರಿ, ಹಾಗಾಗಿ ಡಿಗ್ರೀಸ್ ಆಫ್ ಫ್ರೀಡಂ (ಸ್ವತಂತ್ರವಾಗಿ ಬದಲಾಗಬಲ್ಲ ಅಳತೆಗಳ ಎಣಿಕೆ) ಉಳಿದದ್ದು 12. 64ನ್ನು 12ರಿಂದ ಭಾಗಿಸಿದರೆ 5.33. ಒಂದೇ ಆರೈಕೆ ಸಿಕ್ಕ ಸಸಿಗಳೂ ತಮ್ಮತಮ್ಮಲ್ಲೇ ಎಷ್ಟು ಹೆಚ್ಚುಕಡಿಮೆ ಆಗುತ್ತವೆ ಅನ್ನುವುದರ ಅಳತೆ ಇದು.

ಇನ್ನೊಂದು ಕಡೆ, ಗುಂಪುಗಳ ಸರಾಸರಿಗಳನ್ನು ನೋಡಿ. ಎಲ್ಲ ಸಸಿಗಳ ಸರಾಸರಿ 14. ಅಲ್ಲಿಂದ 12 ಎರಡು ಕೆಳಗಿದೆ, 14 ಅಲ್ಲೇ ಇದೆ, 16 ಎರಡು ಮೇಲಿದೆ. ವರ್ಗ 4, 0, 4. ಪ್ರತಿ ಗುಂಪಿನಲ್ಲೂ ಐದು ಸಸಿ, ಹಾಗಾಗಿ ಐದರಿಂದ ಗುಣಿಸಿ, 40. ಮೂರು ಗುಂಪಿಗೆ ಡಿಗ್ರೀಸ್ ಆಫ್ ಫ್ರೀಡಂ 2, ಭಾಗಿಸಿದರೆ 20.

20ನ್ನು 5.33ರಿಂದ ಭಾಗಿಸಿ. ಎಫ್ 3.75. ಗೊಬ್ಬರದಿಂದ ಏನೂ ಆಗದಿದ್ದರೆ ಭಾಗಾಕಾರದ ಮೇಲಿನ ಸಂಖ್ಯೆಯೂ (20) ಕೆಳಗಿನದೂ (5.33) ಸಸಿಗಳ ಅದೇ ಸಹಜ ಏರುಪೇರನ್ನು ಅಳೆಯುತ್ತಿರುತ್ತವೆ, ಭಾಗಲಬ್ಧ 1ರ ಆಸುಪಾಸಿನಲ್ಲಿರುತ್ತದೆ. ಗೊಬ್ಬರ ಕೆಲಸ ಮಾಡಿದ್ದರೆ ಮೇಲಿನದು ಬೆಳೆಯುತ್ತದೆ. ಸರಾಸರಿ ಹೋಲಿಸುವ ಟೆಸ್ಟಿಗೆ ವೇರಿಯನ್ಸ್ (ಏರುಪೇರು) ಅನ್ನುವ ಹೆಸರು ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಕಾರಣ ಇದೇ. ನಿಮ್ಮ ಲೆಕ್ಕದಲ್ಲಿ ನೂರಕ್ಕೆ 5ರ ಮಟ್ಟ (ಪಿ 0.05) ದಾಟಲು ಎಫ್ 3.89 ಆಗಬೇಕಿತ್ತು. ಕೂದಲೆಳೆಯಲ್ಲಿ ತಪ್ಪಿತು.

ಈ ಎರಡು ವಿಧಾನ ಹುಟ್ಟಿದ ಜಾಗವನ್ನೂ ಹೇಳಿಬಿಡುತ್ತೇನೆ, ನಿಮ್ಮ ಕುಂಡಗಳಿಗೂ ಅದಕ್ಕೂ ನಂಟಿದೆ. ಟಿ-ಟೆಸ್ಟ್ ಕೊಟ್ಟವರು ವಿಲಿಯಂ ಗಾಸೆಟ್. ಡಬ್ಲಿನ್‌ನ ಗಿನ್ನೆಸ್ ಬಿಯರ್ ತಯಾರಿಕೆಯಲ್ಲಿ ಕೆಲಸಕ್ಕಿದ್ದರು. ಅಲ್ಲಿ ಸಿಗುತ್ತಿದ್ದದ್ದು ಬೆರಳೆಣಿಕೆಯ ಅಳತೆಗಳು. ಅಷ್ಟರಲ್ಲೇ ನಂಬುವಂಥ ತೀರ್ಮಾನಕ್ಕೆ ಬರುವುದು ಹೇಗೆ ಅಂತ ತಲೆಕೆಡಿಸಿಕೊಂಡು, 1908ರಲ್ಲಿ 'ಸ್ಟೂಡೆಂಟ್' ಅನ್ನುವ ಹೆಸರಿನಲ್ಲಿ ಪ್ರಕಟಿಸಿದರು. ಅನೋವಾವನ್ನು ಬೆಳೆಸಿದವರು ರೊನಾಲ್ಡ್ ಫಿಶರ್. 1919ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರ ಸೇರಿದರು. ಅಲ್ಲಿದ್ದದ್ದು ಗೊಬ್ಬರದ ಪ್ರಯೋಗಗಳೇ. ಎಫ್ ಅನ್ನುವ ಅಕ್ಷರ ಅವರ ಗೌರವಕ್ಕೆ ಜಾರ್ಜ್ ಸ್ನೆಡೆಕರ್ ಇಟ್ಟದ್ದು.

ಸರಿ, ನಿಮ್ಮ ಪ್ರಶ್ನೆಗೆ ಬರೋಣ. ಪ್ರಯೋಗ ಶುರುಮಾಡುವ ಮುಂಚೆ ನಿಮ್ಮ ಮನಸ್ಸಿನಲ್ಲಿದ್ದ ಪ್ರಶ್ನೆ ಯಾವುದು? ಸಿನಾಪ್ಸಿಸ್ (ಪ್ರಯೋಗಕ್ಕೆ ಮುಂಚೆ ಬರೆದುಕೊಟ್ಟ ಯೋಜನೆ) ತೆಗೆದು ನೋಡಿ.

"ಈ ಮೂರರಲ್ಲಿ ಎಲ್ಲಾದರೂ ವ್ಯತ್ಯಾಸ ಇದೆಯಾ?" ಅಂತ ಮಾತ್ರ ಇದ್ದರೆ, ಎಫ್‌ ಕೊಟ್ಟ 0.054 ನಿಮ್ಮ ಉತ್ತರ. ಆದರೆ ನಿಜ ಹೇಳಬೇಕೆಂದರೆ ಯಾರೂ ಇಷ್ಟು ಮೊಂಡಾದ ಪ್ರಶ್ನೆ ಇಟ್ಟುಕೊಂಡು ನಾಲ್ಕು ವಾರ ಸಸಿಗೆ ನೀರು ಹಾಕುವುದಿಲ್ಲ.

"ಯಾವ ಯಾವ ಜೋಡಿಯಲ್ಲಿ ವ್ಯತ್ಯಾಸ ಇದೆ?" ಅಂತಿದ್ದರೆ ಟ್ಯೂಕಿ ವಿಧಾನ ಬೇಕು. ಅದು ದಾಳದ ಉದಾಹರಣೆಯಲ್ಲಿ ನೋಡಿದ ಅಂತರವನ್ನೇ ಲೆಕ್ಕಕ್ಕೆ ಹಿಡಿದಿದೆ. ಮೂರರಲ್ಲಿ ತುದಿಯ ಎರಡನ್ನು ತೆಗೆದರೆ ಸುಮ್ನೆ ಎಷ್ಟು ಅಂತರ ಬರಬಹುದು ಅಂತ ಅದಕ್ಕೆ ಗೊತ್ತು. ನಿಮ್ಮ ತುದಿಯ ಜೋಡಿಗೆ ಟ್ಯೂಕಿ ಲೆಕ್ಕ 3.87 ಬರುತ್ತದೆ. ದಾಟಬೇಕಾದದ್ದು 3.77. ದಾಟಿತು!

ಇಲ್ಲಿ ನೀವು ಬೆಚ್ಚಿಬೀಳುತ್ತೀರಿ ಅಂತ ಗೊತ್ತು. ಎಫ್ ಇಲ್ಲ ಅಂದಿತು, ಟ್ಯೂಕಿ ಹೂಂ ಅಂದಿತು. ಹೀಗಾಗಬಹುದಾ? ಆಗಬಹುದು. ಎಫ್ ಎಲ್ಲ ಸರಾಸರಿಗಳ ಏರುಪೇರನ್ನು ಒಟ್ಟಿಗೆ ನೋಡುತ್ತದೆ. ನಿಮ್ಮ ನಡುವಿನ ಗುಂಪು ಸರಿಯಾಗಿ ಮಧ್ಯದಲ್ಲಿ, 14ರಲ್ಲಿ ಕೂತಿದೆ. ಅದರ ಪಾಲು ಸೊನ್ನೆ. ತುದಿಗಳು ಅಲ್ಲೇ ಇದ್ದು ನಡುವಿನದು ಆಚೀಚೆ ಸರಿದಿದ್ದರೆ ಎಫ್ ಜಾಸ್ತಿ ಬರುತ್ತಿತ್ತು. ಟ್ಯೂಕಿ ನೋಡುವುದು ತುದಿಗಳನ್ನು. "ಎಫ್ ಪಾಸಾದರೆ ಮಾತ್ರ ಟ್ಯೂಕಿ ಮಾಡಬೇಕು" ಅನ್ನುವ ಮಾತು ಬಹಳ ಕಡೆ ಕೇಳುತ್ತೀರಿ. ಟ್ಯೂಕಿಗೆ ಆ ಬಾಗಿಲು ಬೇಕಿಲ್ಲ. ತಪ್ಪು 5ರೊಳಗೆ ಇರುವ ಹಾಗೆ ಅದು ತನ್ನ ಕಾವಲನ್ನು ತಾನೇ ಇಟ್ಟುಕೊಂಡಿದೆ. ಎಫ್‌ನ ಬಾಗಿಲನ್ನೂ ಹಾಕಿದರೆ ಇರುವ ವ್ಯತ್ಯಾಸ ಕಾಣುವ ಸಾಧ್ಯತೆಯನ್ನು ಸುಮ್ಮನೆ ಕಳೆದುಕೊಂಡಂತೆ.

"ಬರೀ ನೀರಿಗಿಂತ ಗೊಬ್ಬರ ಹಾಕಿದ್ದು ಬೇರೆಯಾ?" ಅಂತಷ್ಟೇ ನಿಮ್ಮ ಪ್ರಶ್ನೆಯಾಗಿದ್ದರೆ, ಎರಡು ಗೊಬ್ಬರದ ಗುಂಪುಗಳನ್ನು ತಮ್ಮತಮ್ಮಲ್ಲಿ ಹೋಲಿಸುವ ಅಗತ್ಯವೇ ಇಲ್ಲ. ಆಗ ಡನ್ನೆಟ್ ವಿಧಾನ. ಎಲ್ಲವನ್ನೂ ಕಂಟ್ರೋಲ್ ಗುಂಪಿಗೆ ಮಾತ್ರ ಹೋಲಿಸುತ್ತದೆ. ಹೋಲಿಕೆ ಮೂರರಿಂದ ಎರಡಕ್ಕೆ ಇಳಿಯಿತು, ಹಾಗಾಗಿ ಅಡ್ಡಗೋಲೂ ಇಳಿಯಿತು. ನಿಮ್ಮ ತುದಿಯ ಜೋಡಿಗೆ 2.74, ದಾಟಬೇಕಾದದ್ದು ಸುಮಾರು 2.50.

ಈ 2.74 ಎಲ್ಲಿಂದ ಬಂತು? ಟಿ-ಟೆಸ್ಟಿನಲ್ಲಿ 2.83 ಇತ್ತಲ್ವಾ? ಅಲ್ಲಿ ಏರುಪೇರನ್ನು ಹತ್ತು ಸಸಿಗಳಿಂದ ಮಾತ್ರ ಅಳೆದಿತ್ತು. ಇಲ್ಲಿ ಹದಿನೈದರಿಂದಲೂ ಅಳೆದಿದೆ. ಅನೋವಾದ ಒಂದು ದೊಡ್ಡ ಲಾಭ ಇದು, ಯಾರೂ ಹೇಳುವುದಿಲ್ಲ. ಎರಡು ಗುಂಪನ್ನು ಹೋಲಿಸುವಾಗಲೂ ಮೂರನೇ ಗುಂಪಿನ ಸಸಿಗಳು ಸಹಜ ಏರುಪೇರಿನ ಬಗ್ಗೆ ಸಾಕ್ಷಿ ಹೇಳುತ್ತವೆ. ಡಿಗ್ರೀಸ್ ಆಫ್ ಫ್ರೀಡಂ 8ರಿಂದ 12ಕ್ಕೆ ಏರುತ್ತದೆ. ಅಷ್ಟು ಚಿಕ್ಕ ಪ್ರಯೋಗದಲ್ಲಿ ಅದು ಬೆಲೆಬಾಳುವ ವಿಷಯ.

ನಾಲ್ಕನೇ ಪ್ರಶ್ನೆ ಒಂದಿದೆ. ನಿಮ್ಮ ಪ್ರಯೋಗ ನೋಡಿದರೆ ನಿಜಕ್ಕೂ ನೀವು ಕೇಳಬೇಕಿದ್ದದ್ದು ಇದನ್ನೇ ಅಂತ ನನಗನ್ನಿಸುತ್ತದೆ. ನಿಮ್ಮ ಗುಂಪುಗಳು ಬರೀ ಮೂರು ಹೆಸರುಗಳಲ್ಲ. ಸೊನ್ನೆ, ಒಂದು, ಎರಡು ಪಾಲು. ಅವಕ್ಕೊಂದು ಕ್ರಮ ಇದೆ. ಟಿ-ಟೆಸ್ಟ್‌ಗೂ ಎಫ್‌ಗೂ ಟ್ಯೂಕಿಗೂ ಆ ಕ್ರಮ ಕಾಣುವುದಿಲ್ಲ. ಗುಂಪುಗಳ ಚೀಟಿ ಅದಲುಬದಲು ಮಾಡಿದರೂ ಅವು ಅದೇ ಉತ್ತರ ಕೊಡುತ್ತವೆ. "ಗೊಬ್ಬರ ಏರಿದ ಹಾಗೆ ಎತ್ತರ ಏರುತ್ತದೆಯಾ?" ಅಂತ ನೇರವಾಗಿ ಕೇಳಿದರೆ, ಅನೋವಾದ ಒಳಗೇ ಲೀನಿಯರ್ ಟ್ರೆಂಡ್ ನೋಡಬಹುದು. ನಿಮ್ಮ 12, 14, 16 ಗೆರೆ ಎಳೆದ ಹಾಗಿವೆ. ಗುಂಪುಗಳ ನಡುವಿನ 40 ಪೂರ್ತಿ ಆ ಗೆರೆಯ ಲೆಕ್ಕಕ್ಕೇ ಹೋಗುತ್ತದೆ. ಪಿ 0.018.

ನೋಡಿ, ಅದೇ ಹದಿನೈದು ಸಸಿ. 0.054ರಿಂದ 0.018ರವರೆಗೆ ಉತ್ತರಗಳು. ಯಾವುದೂ ತಪ್ಪು ಲೆಕ್ಕವಲ್ಲ. ಆದರೆ ಎಲ್ಲವನ್ನೂ ಮಾಡಿ ನೋಡಿ, ಚಿಕ್ಕದನ್ನು ಎತ್ತಿಕೊಂಡರೆ ಮತ್ತೆ ದಾಳದ ಆಟವೇ ಆಯಿತು. ಆದ್ದರಿಂದ ಸಿನಾಪ್ಸಿಸ್‌ನಲ್ಲಿ "ಗೊಬ್ಬರದ ಪ್ರಮಾಣಕ್ಕೆ ತಕ್ಕಂತೆ ಬೆಳವಣಿಗೆ" ಅಂತ ಮೊದಲೇ ಬರೆದಿದ್ದರೆ ಧೈರ್ಯವಾಗಿ ಟ್ರೆಂಡ್ ಬರೆಯಿರಿ. ಅಂಥದ್ದೇನೂ ಬರೆದಿಲ್ಲ ಅಂದರೆ ಎಫ್ ಮತ್ತು ಟ್ಯೂಕಿ ಎರಡನ್ನೂ ಬಂದ ಹಾಗೇ ಬರೆಯಿರಿ. ಟ್ರೆಂಡ್ ಅನ್ನು ಸೇರಿಸಬೇಕಿದ್ದರೆ "ಇದನ್ನು ಡೇಟಾ ನೋಡಿದ ಮೇಲೆ ಮಾಡಿದೆವು" ಅಂತ ಒಂದು ವಾಕ್ಯ ಸೇರಿಸಿ. ಗೈಡ್ ಆಗಲಿ ಪರೀಕ್ಷಕರಾಗಲಿ ಅದಕ್ಕೆ ಬೇಸರಪಡುವುದಿಲ್ಲ.

ಪಿ ಒಂದನ್ನೇ ಬರೆಯಬೇಡಿ ದಯವಿಟ್ಟು. ವ್ಯತ್ಯಾಸ ಎಷ್ಟು ಅಂತ ಬರೆಯಿರಿ. ಬರೀ ನೀರಿಗಿಂತ ಎರಡು ಪಾಲಿನವು ಸರಾಸರಿ 4 ಸೆಂ.ಮೀ. ಎತ್ತರ. ಟ್ಯೂಕಿ ಪ್ರಕಾರ ಆ 4ರ ಸುತ್ತ ನೂರಕ್ಕೆ 95ರ ವಿಶ್ವಾಸ ವ್ಯಾಪ್ತಿ (ಕಾನ್ಫಿಡೆನ್ಸ್ ಇಂಟರ್ವಲ್) 0.1ರಿಂದ 7.9 ಸೆಂ.ಮೀ. ಈ ಎರಡು ಸಂಖ್ಯೆ ನೋಡಿದರೆ ಪರಿಸ್ಥಿತಿ ಕಣ್ಣಿಗೆ ಕಟ್ಟುತ್ತದೆ. ಗೊಬ್ಬರದ ಪರಿಣಾಮ ಇಲ್ಲವೇನೋ ಅನ್ನುವಷ್ಟು ಸಣ್ಣದಿರಬಹುದು, ಎಂಟು ಸೆಂಟಿಮೀಟರ್‌ವರೆಗೂ ಇರಬಹುದು. ಗುಂಪಿಗೆ ಐದು ಸಸಿಗಳಿಂದ ಅದಕ್ಕಿಂತ ಖಚಿತವಾಗಿ ಹೇಳಲು ಆಗುವುದಿಲ್ಲ. ಪಿ 0.05ರ ಗೆರೆಯ ಆಚೆಯೋ ಈಚೆಯೋ ಅಂತ ಕಾದಾಡುವುದಕ್ಕಿಂತ ಇದನ್ನು ಒಪ್ಪಿಕೊಂಡು, ಸಾಧ್ಯವಾದರೆ ಇನ್ನಷ್ಟು ಕುಂಡ ಇಟ್ಟು ಇನ್ನೊಮ್ಮೆ ಮಾಡಿ.

ಇನ್ನೊಂದು ಬಲೆ ನಿಮ್ಮ ಪಕ್ಕದಲ್ಲೇ ಇದೆ. ನೀರು ಮತ್ತು ಎರಡು ಪಾಲು ಬೇರೆ ಬಂತು, ನೀರು ಮತ್ತು ಒಂದು ಪಾಲು ಬೇರೆ ಬರಲಿಲ್ಲ. "ಹಾಗಾದರೆ ಒಂದು ಪಾಲು ಸಾಲದು, ಎರಡು ಪಾಲೇ ಬೇಕು" ಅಂತ ಬರೆಯುವ ಆಸೆ ಆಗುತ್ತದೆ. ಬರೆಯಬೇಡಿ. ಒಂದು ಪಾಲಿಗೂ ಎರಡು ಪಾಲಿಗೂ ನೇರವಾಗಿ ಹೋಲಿಸಿದಾಗ ನಿಮಗೇ 0.21 ಬಂದಿದೆ. ಒಂದು ಹೋಲಿಕೆ ಗೆರೆ ದಾಟಿ ಇನ್ನೊಂದು ದಾಟದಿದ್ದರೆ, ಆ ಎರಡು ಗುಂಪುಗಳು ಬೇರೆ ಅಂತ ಅರ್ಥವಲ್ಲ.

ಷರತ್ತುಗಳ ಬಗ್ಗೆ ಬೇಗ ಹೇಳುತ್ತೇನೆ, ನಿಮ್ಮ ಡೇಟಾದಲ್ಲಿ ಅವು ದೊಡ್ಡ ತಲೆನೋವಲ್ಲ. ಗುಂಪುಗಳ ಏರುಪೇರು ಹೆಚ್ಚುಕಡಿಮೆ ಒಂದೇ ಇರಬೇಕು. ನಿಮ್ಮಲ್ಲಿ 20, 24, 20, ಏನೂ ತೊಂದರೆಯಿಲ್ಲ. ಏರುಪೇರು ತುಂಬಾ ಬೇರೆ ಇದ್ದು, ಗುಂಪಿನ ಗಾತ್ರವೂ ಬೇರೆ ಇದ್ದರೆ ವೆಲ್ಚ್ ವಿಧಾನ ಬಳಸಿ. ಎರಡು ಗುಂಪಿಗೂ ಇದೆ, ಜಾಸ್ತಿ ಗುಂಪಿಗೂ ಇದೆ. ಆರ್ ಸಾಫ್ಟ್‌ವೇರ್‌ನಲ್ಲಿ ಟಿ-ಟೆಸ್ಟ್ ಕೊಟ್ಟರೆ ತಾನಾಗೇ ವೆಲ್ಚ್ ಮಾಡುತ್ತದೆ, ಗಮನಿಸಿ. ಇನ್ನು ನಾರ್ಮಲ್ (ಗಂಟೆಯಾಕಾರದ ಹಂಚಿಕೆ) ಆಗಿರಬೇಕಾದದ್ದು ಎಲ್ಲ ಅಳತೆಗಳ ಒಟ್ಟು ಕಾಲಂ ಅಲ್ಲ. ಪ್ರತಿ ಸಸಿಯಿಂದ ಅದರ ಗುಂಪಿನ ಸರಾಸರಿ ಕಳೆದಾಗ ಉಳಿಯುವುದು. ಅದು ತೀರಾ ಒಂದು ಕಡೆ ವಾಲಿದ್ದರೆ ಕ್ರುಸ್ಕಲ್-ವಾಲಿಸ್ ಟೆಸ್ಟ್ ಇದೆ. ಒಂದೇ ಸಸಿಯನ್ನು ವಾರವಾರ ಅಳೆದಿದ್ದರೆ ಮಾತ್ರ ಇವು ಯಾವುವೂ ಆಗುವುದಿಲ್ಲ. ಎರಡು ಸಲಕ್ಕೆ ಪೇರ್ಡ್ ಟಿ-ಟೆಸ್ಟ್, ಜಾಸ್ತಿ ಸಲಕ್ಕೆ ರಿಪೀಟೆಡ್ ಮೆಷರ್ಸ್ ಅನೋವಾ.

ಇವೆಲ್ಲಕ್ಕಿಂತ ನನಗೆ ಜಾಸ್ತಿ ಕಾಳಜಿ ಇರುವುದು ಬೇರೆ ವಿಷಯದ ಬಗ್ಗೆ. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ಅರವತ್ತು ಸಸಿಗಳ ಡೇಟಾ ತಂದಿದ್ದ. ಮೂರು ಗುಂಪು, ಗುಂಪಿಗೆ ಇಪ್ಪತ್ತು. ಪಿ ಸೊನ್ನೆ ಸೊನ್ನೆ ಸೊನ್ನೆ ಅಂತ ಬಂದಿತ್ತು, ಮುಖದಲ್ಲಿ ಖುಷಿ. ಪ್ರಯೋಗದ ಫೋಟೋ ತೋರಿಸು ಅಂದೆ. ಮೂರು ಟ್ರೇ ಇದ್ದವು. ಒಂದೊಂದು ಟ್ರೇಯಲ್ಲಿ ಇಪ್ಪತ್ತು ಸಸಿ, ಟ್ರೇಗೆ ಒಂದೊಂದು ದ್ರಾವಣ. ಒಂದು ಟ್ರೇ ಕಿಟಕಿ ಪಕ್ಕ. ದ್ರಾವಣ ಕೊಟ್ಟದ್ದು ಟ್ರೇಗೆ, ಸಸಿಗಲ್ಲ. ಹಾಗಾಗಿ ಅವನ ಹತ್ತಿರ ಇದ್ದದ್ದು ಅರವತ್ತು ಅಳತೆಯಲ್ಲ, ಮೂರು. ಗುಂಪಿಗೆ ಒಂದು. ಟಿ-ಟೆಸ್ಟ್, ಅನೋವಾ ಎರಡೂ ಅಲ್ಲಿ ಏನೂ ಹೇಳಲಾರವು. ಅವನಿಗೆ ಅದನ್ನು ಹೇಳುವಾಗ ನನಗೂ ಸಂಕಟವಾಯಿತು, ಆರು ತಿಂಗಳ ಕೆಲಸ ಅದು.

ನೀವು ಕುಂಡಕ್ಕೊಂದು ಸಸಿ ಇಟ್ಟಿದ್ದೀರಿ, ಗೊಬ್ಬರವನ್ನೂ ಕುಂಡಕ್ಕೇ ಹಾಕಿದ್ದೀರಿ. ಅದು ಒಳ್ಳೆಯದಾಯಿತು, ನಿಮ್ಮ ಐದು ನಿಜಕ್ಕೂ ಐದೇ. ಆದರೆ ಆ ಹದಿನೈದು ಕುಂಡಗಳನ್ನು ಎಲ್ಲೆಲ್ಲಿ ಇಟ್ಟಿದ್ದಿರಿ ಅಂತ ಪತ್ರದಲ್ಲಿ ಇಲ್ಲ. ಯಾವ ಕುಂಡಕ್ಕೆ ಯಾವ ಆರೈಕೆ ಅಂತ ಚೀಟಿ ಎತ್ತಿ ಹಂಚಿ, ಕಲಸಿ ಇಟ್ಟಿದ್ದರೆ ಮೇಲೆ ಬರೆದದ್ದೆಲ್ಲ ಹಾಗೇ ನಿಲ್ಲುತ್ತದೆ. ಎರಡು ಪಾಲಿನ ಐದೂ ಕುಂಡ ಒಟ್ಟಿಗೆ ಬಿಸಿಲು ಬೀಳುವ ಕಡೆ ಇದ್ದರೆ, ಆ 4 ಸೆಂ.ಮೀ. ಗೊಬ್ಬರದ್ದೋ ಬಿಸಿಲಿನದ್ದೋ ಅಂತ ಯಾವ ಟೆಸ್ಟಿನಿಂದಲೂ ಬಿಡಿಸಿ ಹೇಳಲಾಗದು. ಲ್ಯಾಬ್ ನೋಟ್‌ಬುಕ್‌ನಲ್ಲಿ ಕುಂಡಗಳ ಜಾಗ ಗುರುತು ಹಾಕಿದ್ದರೆ ಅದನ್ನು ಕಳಿಸಿ. ನಿಮ್ಮ ಗೈಡ್ ಜೊತೆ ಟೆಸ್ಟಿನ ಮಾತಿಗೆ ಕೂರುವ ಮುಂಚೆ ಅದನ್ನೇ ಮೊದಲು ನೋಡೋಣ.